ಪರಿಸರ ಸಮಾಜಶಾಸ್ತ್ರ ಮತ್ತು ಕೂಸನೂರಿನ ಪಾಠ

ಕೆಲವು ವರ್ಷಗಳ ಹಿಂದಿನ ಮಾತು. ಸಮಾಜಶಾಸ್ತ್ರದ ಸ್ನಾತಕೋತ್ತರ ತರಗತಿಯಲ್ಲಿ ‘ಪರಿಸರ ಸಮಾಜಶಾಸ್ತ್ರ’ವೆಂಬ ಪತ್ರಿಕೆಯ ಪಾಠ ನಡೆದಿತ್ತು. ರಾಮಚಂದ್ರ ಗುಹಾ ಹಾಗೂ ಹ್ವಾನ್ ಮಾರ್ಟಿನೆಜ್ ಅಲಿಯೆ ಎಂಬ ಇಬ್ಬರು ವಿದ್ವಾಂಸರು ಬರೆದು 1997ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಇಂಗ್ಲಿಷ್ ಗ್ರಂಥವೊಂದರ ಮೊದಲ ಅಧ್ಯಾಯವನ್ನು ವಿದ್ಯಾರ್ಥಿಗಳು ಸರದಿಯ ಮೇಲೆ ಓದಿ ವಿವರಿಸಬೇಕಾಗಿತ್ತು. ಬಡವರ ಪರಿಸರವಾದವೆಂಬುದು ಆ ಅಧ್ಯಾಯದ ವಿಷಯ. ಹಾನಗಲ್ಲ ತಾಲ್ಲೂಕಿನ ಹುಡುಗನೊಬ್ಬನ ಸರದಿ ಬಂದಾಗ ಅವನು ‘ಧಾರವಾಡ ಜಿಲ್ಲೆಯ ಕುಸ್ನೂರ್’ ಎಂದು ಓದಿ, ದೂರದ ಯಾವುದೋ ಊರಿನ ಸಂಗತಿಯೆಂಬಂತೆ ಮುಂದಕ್ಕೆ ಸಾಗಿದನು. ನಾನು ತಡೆದು, ಆ ಊರು ಎಲ್ಲಿದೆಯೆಂದು ಬಲ್ಲೆಯಾ ಎಂದು ಕೇಳಿದೆ. ಅವನು ಪುಸ್ತಕವನ್ನು ಮತ್ತೊಮ್ಮೆ ನೋಡಿ, ತುಸು ತಡವರಿಸಿ, “ಸರ್, ಇದು ನಮ್ಮ ಕೂಸನೂರ ಏನ್ರೀ?” ಎಂದನು. ಅವನ ಊರಿನಿಂದ ಅದು ಬಹು ದೂರವೇನಲ್ಲ. ಇಂಗ್ಲಿಷ್ ಅಕ್ಷರಗಳು ಹೆಸರಿನ ಒಂದು ಸ್ವರವನ್ನು ನುಂಗಿದ್ದವು. 1997ರ ಆಗಸ್ಟ್ 24ರಂದು ಹಾವೇರಿಯು ಪ್ರತ್ಯೇಕ ಜಿಲ್ಲೆಯಾದುದರಿಂದ ಜಿಲ್ಲೆಯ ಹೆಸರೂ ಹೊಂದುತ್ತಿರಲಿಲ್ಲ. ಇಷ್ಟರಿಂದಲೇ ತನ್ನ ನೆರೆಯೂರು ಅವನಿಗೆ ಅಪರಿಚಿತವಾಗಿತ್ತು.

ಈ ಪ್ರಸಂಗವನ್ನು ಆ ವಿದ್ಯಾರ್ಥಿಯ ಅಜ್ಞಾನವನ್ನು ತೋರಿಸಲೆಂದು ಹೇಳುತ್ತಿಲ್ಲ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಈ ಶಾಸ್ತ್ರವು ಬಂದ ದಾರಿಯೇ ಹಾಗಿದೆ. ಅಮೆರಿಕದ ವಿಲಿಯಂ ಕ್ಯಾಟನ್ ಮತ್ತು ರೈಲಿ ಡನ್‌ಲಪ್ 1978ರಲ್ಲಿ ಬರೆದ ಒಂದು ಪ್ರಬಂಧದಿಂದ ಇದರ ಇತಿಹಾಸವನ್ನು ಆರಂಭಿಸುವುದು ವಾಡಿಕೆ. ಮನುಷ್ಯ ಸಮಾಜವು ನಿಸರ್ಗದ ನಿಯಮಗಳಿಂದ ವಿನಾಯಿತಿ ಪಡೆದಿದೆಯೆಂಬ ಭ್ರಮೆಯಲ್ಲಿ ಅಂದಿನವರೆಗಿನ ಸಮಾಜಶಾಸ್ತ್ರವು ಬೆಳೆಯಿತೆಂದು ಅವರು ಟೀಕಿಸಿದರು. ಟೀಕೆ ಯುಕ್ತವಾದುದೇ. ಆದರೆ ಲಖನೌ ವಿಶ್ವವಿದ್ಯಾಲಯದ ರಾಧಾಕಮಲ ಮುಖರ್ಜಿಯವರು 1926ರಲ್ಲಿಯೇ ಪ್ರಾದೇಶಿಕ ಸಮಾಜಶಾಸ್ತ್ರವನ್ನೂ 1942ರಲ್ಲಿ ಸಾಮಾಜಿಕ ಪರಿಸರಶಾಸ್ತ್ರವನ್ನೂ ಕುರಿತು ಗ್ರಂಥಗಳನ್ನು ರಚಿಸಿದ್ದರು. ನದಿ, ಮಣ್ಣು, ಕಾಡುಗಳನ್ನು ಬಿಟ್ಟು ಗ್ರಾಮಜೀವನವನ್ನು ಅರಿಯಲಾಗದೆಂಬುದು ಅವರ ನಿಲುವು. ಅನಂತರದ ತಲೆಮಾರಿನ ನಮ್ಮ ಸಮಾಜಶಾಸ್ತ್ರಜ್ಞರು ಜಾತಿ, ಕುಟುಂಬ, ಬಂಧುತ್ವಗಳಲ್ಲಿ ಆಳವಾಗಿ ತೊಡಗಿದರು. ಊರಿನ ಹುಲ್ಲುಗಾವಲಿಗೆ ಅವರ ಗ್ರಂಥಗಳಲ್ಲಿ ದೊರೆತದ್ದು ಪೀಠಿಕೆಯ ಒಂದೆರಡು ವಾಕ್ಯಗಳ ಸ್ಥಾನ ಮಾತ್ರ. ಆ ಹುಲ್ಲುಗಾವಲು ವಿದ್ವತ್ತಿನ ವಿಷಯವಾದದ್ದು ಅದು ಕೈತಪ್ಪುವ ಕಾಲ ಬಂದಾಗ, ಮತ್ತು ಅದನ್ನು ಕಳೆದುಕೊಳ್ಳಲೊಲ್ಲದ ಜನರಿಂದ. ಹಾವೇರಿ ಸೀಮೆಯ ಇತಿಹಾಸವು ಇದಕ್ಕೆ ಸ್ಪಷ್ಟವಾದ ನಿದರ್ಶನ.

ಮೊದಲು ಭೂಮಿಯ ವಿಚಾರ. ಮುಂಬಯಿ ಕರ್ನಾಟಕದ ಹಳ್ಳಿಗಳಲ್ಲಿ ದನಕರುಗಳಿಗೆಂದು ಬಿಟ್ಟ ನೆಲವನ್ನು ಗಾಯರಾಣವೆನ್ನುತ್ತಾರೆ. ಹಳೆಯ ಮೈಸೂರಿನವರ ಗೋಮಾಳವೂ ಇಂಥದೇ. ಇದಲ್ಲದೆ ಕಂದಾಯ ದಾಖಲೆಗಳಲ್ಲಿ ‘ಸಿ’ ಮತ್ತು ‘ಡಿ’ ವರ್ಗದವೆಂದು ನಮೂದಾದ ಕುರುಚಲು ಕಾಡು, ಬಯಲುಗಳೂ ಉಂಟು. ಕಾಗದದ ಮೇಲೆ ಇವೆಲ್ಲ ಸರ್ಕಾರದವು. ಬಳಕೆಯಲ್ಲಿ ಮಾತ್ರ ಊರಿನವು. ಒಕ್ಕಲಿಗನು ನೇಗಿಲಿನ ಕಟ್ಟಿಗೆಯನ್ನು ತರುತ್ತಿದ್ದುದು ಅಲ್ಲಿಂದ. ಕುರುಬರು ಕುರಿ ಮೇಯಿಸುತ್ತಿದ್ದುದು ಅಲ್ಲಿ. ಹೊಲವಿಲ್ಲದ ಮನೆಯ ಹೆಣ್ಣುಮಗಳು ಒಲೆಗೆ ಪುಳ್ಳೆ ಆರಿಸುತ್ತಿದ್ದುದೂ ಅಲ್ಲಿಯೇ. ಅರ್ಥಶಾಸ್ತ್ರಜ್ಞ ಎನ್. ಎಸ್. ಜೋಧಾ ಅವರು ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳ ಒಣಪ್ರದೇಶದ ಹಳ್ಳಿಗಳನ್ನು ಅಧ್ಯಯನ ಮಾಡಿ 1986ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಬಡ ಕುಟುಂಬಗಳ ಆದಾಯದ ಶೇಕಡಾ 14ರಿಂದ 23ರಷ್ಟು ಇಂಥ ಸಾಮೂಹಿಕ ಸಂಪತ್ತಿನಿಂದಲೇ ಬರುತ್ತಿತ್ತೆಂದು ಲೆಕ್ಕ ಹಾಕಿ ತೋರಿಸಿದರು. ಕಂದಾಯ ಇಲಾಖೆಯ ಭಾಷೆಯಲ್ಲಿ ಈ ನೆಲ ‘ಪಡ’ವೆಂದೂ ‘ಬಂಜರು’ ಎಂದೂ ಕರೆಯಲ್ಪಡುತ್ತಿತ್ತೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಇನ್ನು ನದಿಯ ವಿಚಾರ. ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣಂನಲ್ಲಿ, ಹರಿಹರದ ಎದುರು ದಂಡೆಯ ಮೇಲೆ, ಬಿರ್ಲಾ ಸಮೂಹದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯು 1970ರ ದಶಕದ ಆರಂಭದಲ್ಲಿ ಸ್ಥಾಪಿತವಾಯಿತು. ಮರದ ತಿರುಳಿನಿಂದ ರೇಯಾನ್ ನೂಲಿಗೆ ಬೇಕಾದ ಕಚ್ಚಾಮಾಲನ್ನು ಸಿದ್ಧಪಡಿಸುವುದು ಅದರ ಕಾರ್ಯ. ಇದಕ್ಕೆ ಎರಡು ವಸ್ತುಗಳು ಅಪಾರ ಪ್ರಮಾಣದಲ್ಲಿ ಬೇಕು: ಒಂದು ಮರ, ಇನ್ನೊಂದು ನೀರು. ಮರದಲ್ಲಿನ ನಾರನ್ನು ಬೇರ್ಪಡಿಸಿದ ಮೇಲೆ ಉಳಿಯುವ ದ್ರವವು ಕಂದುಗಪ್ಪು ಬಣ್ಣದ್ದು. ಕೆಳಹರಿವಿನ ನದಿಹರಳಹಳ್ಳಿ, ಐರಣಿ ಮೊದಲಾದ ಊರುಗಳ ಜನ ತುಂಗಭದ್ರೆಯ ನೀರಿನ ಬಣ್ಣ, ವಾಸನೆಗಳು ಬದಲಾದುದನ್ನು ಕಂಡರು. ಮೀಯಲು ಇಳಿದವರಿಗೆ ಮೈತುರಿಕೆ. ನೀರು ಕುಡಿದ ದನಗಳಿಗೆ ಜಡ್ಡು. 1984ರಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದಾಗ ಮೀನುಗಾರರ ಬದುಕಿಗೇ ಸಂಚಕಾರ ಬಂದಿತು. ಕಾರ್ಖಾನೆಯ ತ್ಯಾಜ್ಯವೇ ಇದಕ್ಕೆ ಕಾರಣವೆಂಬುದು ಜನರ ದೂರು. ನೀರನ್ನು ಬಟ್ಟೆಯಿಂದ ಸೋಸದೆ ಕುಡಿಯದಿರುವುದು ನಮ್ಮ ಮನೆಗಳ ಹಳೆಯ ನೇಮ. ಆದರೆ ನೀರಿನಲ್ಲಿ ಕರಗಿದ ರಸಾಯನವು ಎಷ್ಟು ಮಡಿಕೆಯ ಬಟ್ಟೆಯಲ್ಲಿಯೂ ನಿಲ್ಲುವುದಿಲ್ಲ. ಮನೆಯೊಳಗಿನ ಶೌಚವನ್ನು ಕಾಪಾಡಿಕೊಂಡವನು ನದಿಯ ಶೌಚಕ್ಕೆ ಹೊಣೆಯಲ್ಲವೇ ಎಂಬ ಪ್ರಶ್ನೆ ಇಲ್ಲಿ ತಾನಾಗಿಯೇ ಏಳುತ್ತದೆ.

ಇದೇ ತಾಲ್ಲೂಕಿನ ಮೆಡ್ಲೇರಿಯಲ್ಲಿ, ಅಮೆರಿಕದಲ್ಲಿ ವೃತ್ತಿಯಲ್ಲಿದ್ದು 1979ರಲ್ಲಿ ತಾಯ್ನಾಡಿಗೆ ಮರಳಿದ ಎಸ್. ಆರ್. ಹಿರೇಮಠ ಅವರು ಗ್ರಾಮಾಭಿವೃದ್ಧಿಯ ಕೆಲಸವನ್ನು ಕೈಗೊಂಡಿದ್ದರು. ಅವರೂ ಅವರ ಸಂಗಡಿಗರೂ ಸೇರಿ 1984ರಲ್ಲಿ ಧಾರವಾಡದಲ್ಲಿ ಸಮಾಜ ಪರಿವರ್ತನ ಸಮುದಾಯವನ್ನು ಕಟ್ಟಿದರು. ನದಿಯ ಮಾಲಿನ್ಯದ ವಿರುದ್ಧ ದಂಡೆಯ ಹಳ್ಳಿಗಳನ್ನು ಸಂಘಟಿಸುವುದು ಅವರ ಆರಂಭದ ಕಾರ್ಯಗಳಲ್ಲೊಂದು.

1984ನೆಯ ಇಸವಿಯು ಈ ಇತಿಹಾಸದಲ್ಲಿ ಹಲವು ಬಗೆಯಿಂದ ಗಮನಾರ್ಹವಾಗಿದೆ. ಆ ವರ್ಷದ ನವೆಂಬರ್ 14ರಂದು ಕರ್ನಾಟಕ ಸರ್ಕಾರವು ಹರಿಹರ ಪಾಲಿಫೈಬರ್ಸ್ ಜೊತೆ ಒಪ್ಪಂದ ಮಾಡಿಕೊಂಡು, ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಸಂಸ್ಥೆಯನ್ನು ಸ್ಥಾಪಿಸಿತು. ಅದರಲ್ಲಿ ಸರ್ಕಾರದ ಪಾಲು ಶೇಕಡಾ 51, ಕಂಪನಿಯದು 49. ರಾಜ್ಯದ ಉತ್ತರಭಾಗದ ನಾಲ್ಕು ಜಿಲ್ಲೆಗಳಲ್ಲಿ ಹರಡಿದ 30,000 ಹೆಕ್ಟೇರ್ ಸಾಮೂಹಿಕ ಭೂಮಿಯನ್ನು ನೀಲಗಿರಿ ಮೊದಲಾದ ಬೇಗ ಬೆಳೆಯುವ ಮರಗಳ ನೆಡುತೋಪುಗಳಿಗಾಗಿ ಗುರುತಿಸಲಾಯಿತು. ಗುತ್ತಿಗೆಯ ಅವಧಿ ನಲವತ್ತು ವರ್ಷ. ಬಾಡಿಗೆ ಎಕರೆಗೆ ವರ್ಷಕ್ಕೆ ಒಂದು ರೂಪಾಯಿ. 30,000 ಹೆಕ್ಟೇರ್ ಎಂದರೆ ಸುಮಾರು 74,000 ಎಕರೆ. ಅಂದರೆ ನಾಲ್ಕು ಜಿಲ್ಲೆಗಳ ಇಷ್ಟು ನೆಲಕ್ಕೆ ವರ್ಷಕ್ಕೆ ಬರುವ ಬಾಡಿಗೆ ಮುಕ್ಕಾಲು ಲಕ್ಷ ರೂಪಾಯಿಯನ್ನೂ ಮುಟ್ಟುತ್ತಿರಲಿಲ್ಲ. ಬೆಳೆದ ಮರದಲ್ಲಿ ಶೇಕಡಾ 87.5 ನೇರವಾಗಿ ಕಾರ್ಖಾನೆಗೆ, ಮಿಕ್ಕ 12.5ನ್ನೂ ಕೊಳ್ಳುವ ಅವಕಾಶ ಅದಕ್ಕಿತ್ತು. ಊರಿನವರ ಪಾಲೆಷ್ಟೆಂದು ಕೇಳಿದರೆ ಒಪ್ಪಂದದಲ್ಲಿ ಅವರಿಗೆ ಸ್ಥಳವೇ ಉಳಿದಿರಲಿಲ್ಲ. ಇದಾದ ಮೂರು ವಾರಗಳೊಳಗೆ ಭೋಪಾಲದ ಅನಿಲ ದುರಂತ ಸಂಭವಿಸಿ, ಕಾರ್ಖಾನೆ ಮತ್ತು ಜನಜೀವನದ ಸಂಬಂಧವು ಇಡೀ ದೇಶದ ಚರ್ಚೆಯ ವಿಷಯವಾಯಿತು.

ನೀಲಗಿರಿಯ ಮೇಲಿನ ಆಕ್ಷೇಪ ಹಾವೇರಿ ಸೀಮೆಯಲ್ಲಿ ಹುಟ್ಟಿದ್ದಲ್ಲ. ಕೋಲಾರ ಜಿಲ್ಲೆಯಲ್ಲಿ ರಾಗಿಯ ಹೊಲಗಳು ನೀಲಗಿರಿ ತೋಪುಗಳಾದುದನ್ನು ವಂದನಾ ಶಿವ ಮತ್ತು ಸಂಗಡಿಗರು 1981ರ ವರದಿಯಲ್ಲಿ ವಿವರಿಸಿದ್ದರು. 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತ ಸಂಘದವರು ಅರಣ್ಯ ಇಲಾಖೆಯ ಸಸಿಮಡಿಗಳಿಗೆ ಹೋಗಿ ನೀಲಗಿರಿ ಸಸಿಗಳನ್ನು ಕಿತ್ತೆಸೆದಿದ್ದರು. ಇದಕ್ಕೂ ಮುನ್ನ, 1970ರ ದಶಕದಲ್ಲಿ, ಮಾಧವ ಗಾಡ್ಗೀಳರು ಉತ್ತರ ಕನ್ನಡದ ಬಿದಿರಿನ ಸ್ಥಿತಿಯನ್ನು ಪರಿಶೀಲಿಸಿದ್ದರು. ದಾಂಡೇಲಿಯ ಕಾಗದ ಕಾರ್ಖಾನೆಗೆ ಕಡಿದೊಯ್ಯುವ ಬಿದಿರಿನ ಮೆಳೆಗಳು ಏಕೆ ಕ್ಷೀಣಿಸುತ್ತಿವೆಯೆಂಬುದು ಪ್ರಶ್ನೆ. ಮೆಳೆಯ ಬುಡದ ಮುಳ್ಳನ್ನು ತೆಗೆದು ಶುಚಿಗೊಳಿಸಿದರೆ ಬಿದಿರು ಚೆನ್ನಾಗಿ ಬೆಳೆಯುವುದೆಂದು ಅಧಿಕಾರಿಗಳು ನಂಬಿದ್ದರು. ಮುಳ್ಳು ಹೋದರೆ ಎಳೆಯ ಕಳಲೆ ಪ್ರಾಣಿಗಳ ಬಾಯಿಗೆ ಬೀಳುವುದೆಂಬುದು ಹಳ್ಳಿಗರಿಗೆ ತಿಳಿದಿತ್ತು. ಅಧ್ಯಯನದಲ್ಲಿ ಸ್ಥಿರಪಟ್ಟದ್ದು ಹಳ್ಳಿಗರ ಮಾತು. ಪರಿಸರ ಸಮಾಜಶಾಸ್ತ್ರವನ್ನು ಬೋಧಿಸುವವರು ಈ ಮುಳ್ಳಿನ ದೃಷ್ಟಾಂತವೊಂದನ್ನೇ ಇಟ್ಟುಕೊಂಡು ಒಂದು ವಾರ ಪಾಠ ಹೇಳಬಹುದು. ಅರಿವು ಯಾರ ಬಳಿಯಿದೆ, ಅಧಿಕಾರ ಯಾರ ಬಳಿಯಿದೆ, ಇವೆರಡೂ ಒಂದೆಡೆ ಇಲ್ಲದಿದ್ದಾಗ ಕಾಡಿಗೆ ಏನಾಗುತ್ತದೆ ಎಂಬುದೆಲ್ಲ ಅದರಲ್ಲಿ ಅಡಗಿದೆ.

1986ರ ಕೊನೆಯಲ್ಲಿ ಸಮಾಜ ಪರಿವರ್ತನ ಸಮುದಾಯದೊಡನೆ ಡಾ. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಮೊರೆಹೋದರು. ಅವರಿಗೆ ಆಗ ಎಂಬತ್ತನಾಲ್ಕು ವರ್ಷ. ಜ್ಞಾನಪೀಠ ಪುರಸ್ಕೃತ ಕಾದಂಬರಿಕಾರರೊಬ್ಬರು ಹುಲ್ಲುಗಾವಲಿಗಾಗಿ ವ್ಯಾಜ್ಯ ಹೂಡಿದ್ದು ಅನೇಕರಿಗೆ ಸೋಜಿಗವೆನಿಸಿರಬಹುದು. ಅವರನ್ನು ಬಲ್ಲವರಿಗೆ ಹಾಗೆನಿಸಲು ಕಾರಣವಿರಲಿಲ್ಲ. ಸಾಮೂಹಿಕ ಭೂಮಿಯನ್ನು ಅವಲಂಬಿಸಿದವರನ್ನು ಕೇಳದೆ ಅದನ್ನು ಖಾಸಗಿ ಹಿತಕ್ಕೆ ಒಪ್ಪಿಸುವುದು ಅವರ ಜೀವಿಸುವ ಹಕ್ಕನ್ನೇ ಕಸಿದುಕೊಂಡಂತೆ ಎಂಬುದು ಅರ್ಜಿದಾರರ ವಾದದ ತಿರುಳು. 1987ರ ಮಾರ್ಚ್ ತಿಂಗಳಲ್ಲಿ ನ್ಯಾಯಾಲಯವು ಇನ್ನಷ್ಟು ಭೂಮಿಯನ್ನು ಸಂಸ್ಥೆಗೆ ವರ್ಗಾಯಿಸದಂತೆ ತಡೆಯಾಜ್ಞೆ ನೀಡಿತು. ಆದರೆ ಆ ವೇಳೆಗಾಗಲೇ ಕೈಬದಲಾಗಿದ್ದ ನೆಲದಲ್ಲಿ ನೀಲಗಿರಿ ಬೆಳೆಯುತ್ತಲೇ ಇತ್ತು.

ಒಪ್ಪಂದಕ್ಕೆ ಸರಿಯಾಗಿ ಮೂರು ವರ್ಷ ತುಂಬಿದ ದಿನ, 1987ರ ನವೆಂಬರ್ 14ರಂದು, ಸುಮಾರು ಎರಡು ಸಾವಿರ ಜನ ಕೂಸನೂರಿನಲ್ಲಿ ಸೇರಿದರು. ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಇದ್ದರು. ಊರಿನಲ್ಲಿ ಭಾಷಣಗಳಾದ ಮೇಲೆ ವಾದ್ಯಗಳೊಡನೆ ಮೆರವಣಿಗೆಯಲ್ಲಿ ವಿವಾದದ ನೆಲಕ್ಕೆ ನಡೆದರು. ಅಲ್ಲಿ ನೂರು ನೀಲಗಿರಿ ಸಸಿಗಳನ್ನು ಕಿತ್ತು, ಅವುಗಳ ಸ್ಥಾನದಲ್ಲಿ ಹಣ್ಣು ಮತ್ತು ಮೇವು ಕೊಡುವ ಊರಿನ ಮರಗಳ ಸಸಿಗಳನ್ನು ನೆಟ್ಟರು. ನೆಟ್ಟವುಗಳಿಗೆ ನೀರೆರೆದು ಸಲಹುವೆವೆಂದು ಪ್ರತಿಜ್ಞೆ ಮಾಡಿ ಮರಳಿದರು. ಈ ಸತ್ಯಾಗ್ರಹಕ್ಕೆ ‘ಕಿತ್ತಿಕೋ-ಹಚ್ಚಿಕೋ’ ಎಂದು ಹೆಸರು. ಧಾರವಾಡ ಸೀಮೆಯಲ್ಲಿ ಗಿಡವನ್ನು ಹಚ್ಚುತ್ತಾರೆ, ದೀಪವನ್ನೂ ಹಚ್ಚುತ್ತಾರೆ. ಗ್ರಂಥದ ಇಂಗ್ಲಿಷ್ ಅನುವಾದದಲ್ಲಿ ಈ ಸೊಗಸು ಉಳಿದಿಲ್ಲ. ಕೀಳುವುದರಲ್ಲಿಯೇ ನಿಂತಿದ್ದರೆ ಅದು ತುಮಕೂರಿನ ಪ್ರತಿಭಟನೆಯ ಮುಂದುವರಿಕೆ ಮಾತ್ರವಾಗುತ್ತಿತ್ತು. ಯಾವ ಮರ ಬೇಡವೆಂಬುದರ ಜೊತೆಗೆ ಯಾವ ಮರ ಬೇಕೆಂಬುದನ್ನೂ, ಅದನ್ನು ಸಾಕುವವರು ಯಾರೆಂಬುದನ್ನೂ ಕೂಸನೂರಿನಲ್ಲಿ ಹೇಳಲಾಯಿತು.

ನಮ್ಮ ವಾಚಕರಲ್ಲಿ ಕೆಲವರಿಗೆ ಇಲ್ಲೊಂದು ಶಂಕೆ ಮೂಡುವುದು ಸಹಜ. ವನಸ್ಪತಿಯೂ ಏಕೇಂದ್ರಿಯ ಜೀವವಲ್ಲವೆ? ನೂರು ಸಸಿಗಳನ್ನು ಬೇರುಸಹಿತ ಕಿತ್ತವರು ತಮ್ಮ ಕಾರ್ಯವನ್ನು ಅಹಿಂಸಾತ್ಮಕವೆಂದು ಕರೆಯಬಹುದೆ? ಸತ್ಯಾಗ್ರಹದ ಅಹಿಂಸೆಯು ಮನುಷ್ಯರ ಮೇಲೆ ಕೈಯೆತ್ತದಿರುವುದಕ್ಕೆ ಸೀಮಿತವಾದುದು. ನಮ್ಮ ವ್ರತಗಳ ಅಹಿಂಸೆ ಅದಕ್ಕಿಂತ ಸೂಕ್ಷ್ಮವಾದುದು. ಈ ಅಂತರವನ್ನು ಮರೆಮಾಚುವುದು ಸಲ್ಲದು. ಆದರೆ ಗೃಹಸ್ಥನಿಗೆ ಸ್ಥಾವರ ಜೀವಗಳ ಹಿಂಸೆಯನ್ನು ಪೂರ್ಣವಾಗಿ ಬಿಡಲು ಅಶಕ್ಯವೆಂದೇ ಶಾಸ್ತ್ರಕಾರರು ನಿಷ್ಪ್ರಯೋಜಕವಾದ ಹಿಂಸೆಯನ್ನು ಅನರ್ಥದಂಡವೆಂದು ಬೇರೆಯಾಗಿ ಎಣಿಸಿದರು. ಕಿತ್ತ ನೂರು ಸಸಿಗಳ ಲೆಕ್ಕವನ್ನು ಇಡುವವರು, ನೆಡುತೋಪಿಗಾಗಿ ಸವರಿದ ಕುರುಚಲು ಕಾಡಿನಲ್ಲಿದ್ದ ಗಿಡ, ಹುಳು, ಹಕ್ಕಿಗಳ ಲೆಕ್ಕವನ್ನೂ ಇಡಬೇಕಾಗುತ್ತದೆ. ನನ್ನ ಮಟ್ಟಿಗೆ ಕೂಸನೂರಿನವರ ಕೃತ್ಯದಲ್ಲಿ ದೋಷ ಅಲ್ಪ. ದೋಷವೇ ಇಲ್ಲವೆಂದು ನಾನು ಹೇಳಲಾರೆ.

ಮುಂದಿನ ಘಟನೆಗಳನ್ನು ಸಂಕ್ಷೇಪವಾಗಿ ಹೇಳಬಹುದು. ಬಂಧನ, ಮಾತುಕತೆ, ಮತ್ತೆ ಪ್ರತಿಭಟನೆ ಹೀಗೆ ನಾಲ್ಕು ವರ್ಷ ಕಳೆದವು. 1988ರ ರಾಷ್ಟ್ರೀಯ ಅರಣ್ಯ ನೀತಿಯು, ಮರವನ್ನು ಆಧರಿಸಿದ ಉದ್ದಿಮೆಗಳು ತಮಗೆ ಬೇಕಾದ ಕಚ್ಚಾಮಾಲನ್ನು ಬೆಳೆಗಾರರೊಡನೆ ನೇರ ಸಂಬಂಧ ಬೆಳೆಸಿ ಪಡೆಯಬೇಕೆಂದು ಸೂಚಿಸಿತು. 1991ರಲ್ಲಿ ಪಲ್ಪ್‌ವುಡ್ ಸಂಸ್ಥೆಯನ್ನು ಮುಚ್ಚಲಾಯಿತು.

ಗೆಲುವಿನ ಕಥೆಯಾಗಿ ಇದನ್ನು ಇಲ್ಲಿಗೆ ನಿಲ್ಲಿಸಿದರೆ ವಿದ್ಯಾರ್ಥಿಗಳಿಗೆ ಅನ್ಯಾಯವಾಗುತ್ತದೆ. ಕುಮಾರಪಟ್ಟಣಂ ಮತ್ತು ಹರಿಹರದ ಸಾವಿರಾರು ಮನೆಗಳಲ್ಲಿ ಒಲೆ ಉರಿದದ್ದು ಕಾರ್ಖಾನೆಯ ಪಗಾರದಿಂದ. ದಂಡೆಯ ಮೀನುಗಾರನೂ ಕಾರ್ಖಾನೆಯ ಕಾರ್ಮಿಕನೂ ಒಂದೇ ಸಂತೆಯಲ್ಲಿ ಎದುರುಬದುರಾಗುವವರು. ಒಬ್ಬನ ಅನ್ನ ಇನ್ನೊಬ್ಬನ ನೀರಿನೊಡನೆ ಕಟ್ಟಿಬಿದ್ದಾಗ ಯಾರ ಪರವಾಗಿ ನಿಲ್ಲಬೇಕೆಂಬುದು ಘೋಷಣೆಗಳಿಂದ ಇತ್ಯರ್ಥವಾಗುವ ಪ್ರಶ್ನೆಯಲ್ಲ. ಬಡವರ ಪರಿಸರವಾದವೆಂಬ ಮಾತು ಬಡವರೆಲ್ಲರ ಹಿತ ಒಂದೇ ಎಂಬ ಭಾವನೆಯನ್ನು ಹುಟ್ಟಿಸುವುದಾದರೆ, ಆ ಮಾತನ್ನು ಎಚ್ಚರದಿಂದ ಬಳಸಬೇಕು.

ಅಂತೆಯೇ ನೀಲಗಿರಿಯ ಇತಿಹಾಸವೂ ಏಕಮುಖವಾದುದಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವನ್ನು 119 ಚದರ ಕಿಲೋಮೀಟರ್ ಪ್ರದೇಶದಲ್ಲಿ 1974ರಲ್ಲಿ ಘೋಷಿಸಲಾಯಿತು. ಅದರ ಬಹುಭಾಗ ಅರಣ್ಯ ಇಲಾಖೆ ಬೆಳೆಸಿದ ನೀಲಗಿರಿ ತೋಪು. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು ಈ ಅರಣ್ಯೀಕರಣದ ಪರಿಣಾಮಗಳನ್ನು ಕುರಿತು ಮುಂಬಯಿಯ ನಿಸರ್ಗ ಇತಿಹಾಸ ಸಂಘದ ಪತ್ರಿಕೆಯಲ್ಲಿ ಲೇಖನ ಬರೆದಿದ್ದಾರೆ. ರಕ್ಷಣೆ ದೊರೆತ ಕೃಷ್ಣಮೃಗಗಳ ಸಂಖ್ಯೆ ಹೆಚ್ಚಿತು. ಬಯಲನ್ನೇ ನೆಚ್ಚಿದ, ಜನರು ಎರೆಭೂತವೆಂದು ಕರೆಯುವ ದೊಡ್ಡ ಹಕ್ಕಿಗೆ ಮಾತ್ರ ಮರ ಬೆಳೆದ ನೆಲ ಒಗ್ಗಲಿಲ್ಲ. ಹೆಚ್ಚಿದ ಜಿಂಕೆಗಳು ಸುತ್ತಲಿನ ರೈತರ ಹೊಲಗಳಿಗೆ ನುಗ್ಗಿ ಎಳೆಯ ಪೈರನ್ನು ಮೇಯುವುದು ರಾಣೆಬೆನ್ನೂರು, ಬ್ಯಾಡಗಿ ಕಡೆಯವರಿಗೆ ಹೊಸ ಸುದ್ದಿಯಲ್ಲ. ಜೀವದಯೆಯ ವೆಚ್ಚವನ್ನು ಭರಿಸುವವರು ಯಾರು? ಜಿಂಕೆಯ ಚಿತ್ರ ಕಂಡು ಸಂತೋಷಪಡುವ ಪಟ್ಟಣಿಗರಾದ ನಾವಲ್ಲ. ಹೊಲದ ಬದುವಿನಲ್ಲಿ ರಾತ್ರಿ ಕಾವಲು ಕೂರುವ ರೈತನೇ. ಅವನು ದಯಾಹೀನನೆಂದು ದೂರುವ ಮೊದಲು ಅವನ ಪಕ್ಕದಲ್ಲಿ ಒಂದು ರಾತ್ರಿ ಕುಳಿತು ನೋಡಬೇಕು.

ಜಿಲ್ಲೆಯಲ್ಲಿ ಇಂಥ ವಿಷಯಗಳಿಗೆ ಕೊರತೆಯಿಲ್ಲ. 2011ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಬ್ಯಾಡಗಿ ಮೆಣಸಿನಕಾಯಿ ಊರಿನ ಹೆಸರನ್ನು ಹೊತ್ತು ದೇಶವೆಲ್ಲ ಸಂಚರಿಸುತ್ತದೆ; ಮಾರುಕಟ್ಟೆಗೆ ಬರುವ ಮಾಲಿನ ದೊಡ್ಡ ಭಾಗ ಬಳ್ಳಾರಿ, ರಾಯಚೂರು ಕಡೆಗಳದು. ಊರಿನ ಹೊಲದಲ್ಲಿ ಬೆಳೆ ಕುಗ್ಗಿ, ಊರಿನ ಹೆಸರಿನಲ್ಲಿ ವ್ಯಾಪಾರ ಹಿಗ್ಗಿದ್ದು ಹೇಗೆ? ಕಾಯಿಯ ತೊಟ್ಟು ಬಿಡಿಸುತ್ತ ದಿನವಿಡೀ ಘಾಟಿನಲ್ಲಿ ಕುಳಿತ ಹೆಂಗಸರ ಉಸಿರಿನ ವಿಚಾರ ಯಾವ ಪಠ್ಯದಲ್ಲಿದೆ? 2008ರ ಜೂನ್ 10ರಂದು ಹಾವೇರಿಯಲ್ಲಿ ರಸಗೊಬ್ಬರಕ್ಕಾಗಿ ಪ್ರತಿಭಟಿಸಿದ ರೈತರ ಮೇಲೆ ಗೋಲಿಬಾರು ನಡೆದು ಪ್ರಾಣಹಾನಿಯಾಯಿತು. ಒಂದು ಚೀಲ ಗೊಬ್ಬರಕ್ಕೆ ಪ್ರಾಣದ ಬೆಲೆ ತೆರುವ ಹಾಗೆ ನಮ್ಮ ಮಣ್ಣು ಯಾವಾಗ, ಹೇಗೆ ಪರಾಧೀನವಾಯಿತೆಂಬುದೂ ಈ ಶಾಸ್ತ್ರದ ಪ್ರಶ್ನೆಯೇ.

ಸುಪ್ರೀಂ ಕೋರ್ಟಿನ ಆದೇಶಗಳ ಫಲವಾಗಿ ಈ ಶತಮಾನದ ಆರಂಭದಲ್ಲಿ ದೇಶದ ಎಲ್ಲ ಪದವಿ ತರಗತಿಗಳಿಗೂ ಪರಿಸರ ಅಧ್ಯಯನವು ಕಡ್ಡಾಯ ವಿಷಯವಾಗಿ ಬಂದಿತು. ಓಜೋನ್ ಪದರ, ಆಮ್ಲಮಳೆ, ಜೀವವೈವಿಧ್ಯಗಳ ವ್ಯಾಖ್ಯೆಗಳನ್ನು ವಿದ್ಯಾರ್ಥಿಗಳು ಒಪ್ಪಿಸುತ್ತಾರೆ, ತೇರ್ಗಡೆಯಾಗುತ್ತಾರೆ. ಅದು ತಪ್ಪಲ್ಲ. ಆದರೆ ಆ ಪುಸ್ತಕಗಳಲ್ಲಿ ‘ಮನುಷ್ಯ’ನೆಂಬ ಒಬ್ಬನೇ ಕರ್ತೃ ಇದ್ದಾನೆ, ಮನುಷ್ಯನು ಕಾಡು ಕಡಿದನು, ಮನುಷ್ಯನು ನದಿಯನ್ನು ಕೆಡಿಸಿದನು ಎಂದು ವಾಕ್ಯಗಳು ಸಾಗುತ್ತವೆ. ಎಕರೆಗೆ ಒಂದು ರೂಪಾಯಿಯಂತೆ ನೆಲ ಪಡೆದವನೂ ಪುಳ್ಳೆ ಆರಿಸುವವಳೂ ಆ ಒಂದೇ ಪದದಲ್ಲಿ ಮರೆಯಾಗುತ್ತಾರೆ. ಸಾಮೂಹಿಕ ಸಂಪತ್ತು ಎಲ್ಲರ ಸ್ವಾರ್ಥದಿಂದ ನಾಶವಾಗಿಯೇ ತೀರುವುದೆಂದು ಗ್ಯಾರೆಟ್ ಹಾರ್ಡಿನ್ 1968ರಲ್ಲಿ ವಾದಿಸಿದರು. ಊರವರು ತಾವೇ ಕಟ್ಟಳೆ ಮಾಡಿಕೊಂಡು ಶತಮಾನಗಳ ಕಾಲ ಅಂಥ ಸಂಪತ್ತನ್ನು ಉಳಿಸಿಕೊಂಡ ನಿದರ್ಶನಗಳನ್ನು ಎಲಿನರ್ ಆಸ್ಟ್ರಮ್ 1990ರ ಗ್ರಂಥದಲ್ಲಿ ಮುಂದಿಟ್ಟರು. 2009ರಲ್ಲಿ ಅವರಿಗೆ ನೊಬೆಲ್ ಗೌರವ ಸಂದಿತು. ಈ ವಾದವಿವಾದವನ್ನು ಓದುವ ನಮ್ಮ ವಿದ್ಯಾರ್ಥಿ ತನ್ನ ಊರಿನ ಗಾಯರಾಣದ ಸರ್ವೆ ನಂಬರನ್ನು ಹುಡುಕಿ, ಅದು ಈಗ ಯಾರ ಹೆಸರಿನಲ್ಲಿದೆಯೆಂದು ನೋಡಿದರೆ ಪಾಠವು ಅರ್ಧ ಮುಗಿದಂತೆ.

ಹಾನಗಲ್ಲ ತಾಲ್ಲೂಕಿನ ಆ ಹುಡುಗನು ಮುಂದಿನ ಅವಧಿಯಲ್ಲಿ ಕ್ಷೇತ್ರಕಾರ್ಯಕ್ಕೆ ತನ್ನ ಊರನ್ನೇ ಆರಿಸಿಕೊಂಡನು. ವಿಭಾಗದಿಂದ ಕೊಟ್ಟ ಮುದ್ರಿತ ಪ್ರಶ್ನಾವಳಿಯಲ್ಲಿ ಜಮೀನು, ಬೆಳೆ, ಕೂಲಿ, ಸಾಲ ಎಂಬ ಕಾಲಂಗಳಿದ್ದವು. ಮೊದಲು ಅವನು ಪ್ರಶ್ನಿಸಿದ್ದು ತನ್ನ ಅಜ್ಜಿಯನ್ನು. ಊರಿನ ಗುಡ್ಡದಿಂದ ಏನೇನು ತರುತ್ತಿದ್ದಿರೆಂದು ಕೇಳಿದುದಕ್ಕೆ ಆಕೆ ಕಟ್ಟಿಗೆ, ಹೊದಿಕೆಯ ಹುಲ್ಲು, ಕಸಬರಿಗೆಯ ಕಡ್ಡಿ, ಬಾಣಂತಿಯರ ಔಷಧಿಯ ಬೇರು, ಕವಳಿ ಹಣ್ಣು, ಕಾರಿ ಹಣ್ಣು ಎಂದು ಒಂದೊಂದಾಗಿ ಹೇಳುತ್ತ ಹೋದಳಂತೆ. ಅವನು ಅವನ್ನೆಲ್ಲ ಪ್ರಶ್ನಾವಳಿಯ ಹಿಂಬದಿಯ ಖಾಲಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆದು ತಂದು, ಇದನ್ನು ಯಾವ ಕಾಲಂನಲ್ಲಿ ತುಂಬಲಿ ಎಂದು ನನ್ನನ್ನು ಕೇಳಿದನು. ಮುದ್ರಿತ ಹಾಳೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ನಾವಿಬ್ಬರೂ ಕುಳಿತು ಅಳತೆಪಟ್ಟಿಯಿಂದ ಒಂದು ಗೆರೆ ಎಳೆದೆವು.